ನಾನು ಗಂಡನ ಮೇಲೆ ಕೈಯಿಟ್ಟಿದ್ದು

ಇನ್ನು ಮುಂದೆ ನಾನು ಯಾರ ಮೇಲೂ ರೇಗುವುದಿಲ್ಲ! ಹೀಗೆಂದು ನಾನು ಅಡುಗೆಮನೆಯ ನಡುಮಧ್ಯೆ ನಿಂತು, ಬಲಗೈಯಲ್ಲಿ ಸೌಟು ಎತ್ತಿ ಹಿಡಿದು ಘೋಷಿಸಿದಾಗ ನನ್ನವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಕೇಳಿಸ್ತೇನ್ರೀ? ಇನ್ಮೇಲೆ ನಾನು ಯಾರ ಮೇಲೂ ರೇಗಲ್ಲ ಅಂದೆ."

"ಹ್ಞೂಂ."

"ಏನು ಹ್ಞೂಂ? ಕಟ್ಟಿಕೊಂಡ ಹೆಂಡತಿ ಇಷ್ಟು ದೊಡ್ಡ ಪ್ರತಿಜ್ಞೆ ಮಾಡ್ತಾ ಇದ್ರೆ ಪೇಪರ್ ಒಳಗೆ ಮುಖ ಇಟ್ಕೊಂಡು ಹ್ಞೂಂ ಅಂತೀರಲ್ಲ, ನಿಮಗೆ ಸ್ವಲ್ಪನಾದ್ರೂ..."

"ಯಾವತ್ತಿಂದ ಶುರು?" ಎಂದು ಕೇಳಿದರು ನನ್ನವರು.

ಸಿಟ್ಟು ನನ್ನ ಮೂಗಿನ ತುದಿಯಲ್ಲಿರುತ್ತದೆ ಎಂದು ತವರಿನವರು ಹೇಳುವುದುಂಟು. ಅದು ಶುದ್ಧ ಸುಳ್ಳು. ಮೂಗಿನ ತುದಿಯಲ್ಲಿರುವುದು ಕನ್ನಡಕ. ಸಿಟ್ಟು ಇರುವುದು ನಾಲಿಗೆಯ ತುದಿಯಲ್ಲಿ. ಅದಕ್ಕೆ ಕಾರಣವೂ ಇದೆ. ನಾನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸ ಮಾಡುವವಳು. ತಲೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ‘ವಿಚಾರಣೆ’ ಎಂದು ಬರೆದಿದೆ. ಅದರ ಕೆಳಗೇ ನಿಂತು, ಅದನ್ನೇ ಓದಿ, ಜನ ಕೇಳುವ ಮೊದಲ ಪ್ರಶ್ನೆ: "ಇಲ್ಲಿ ವಿಚಾರಿಸಬಹುದಾ?" ಎರಡನೆಯ ಪ್ರಶ್ನೆ: "ಒಂಬತ್ತು ಗಂಟೆ ಬಸ್ಸು ಎಷ್ಟು ಗಂಟೆಗೆ?" ಒಂಬತ್ತಕ್ಕೆ ಎಂದು ಹೇಳಿದರೆ "ಖಂಡಿತಾನಾ?" ಎಂದು ಮೂರನೆಯದು. ಅಲ್ಲಿ ಕೂತು ಬೈಯುವಂತಿಲ್ಲ, ಸಂಬಳ ಕೊಡುವವರು ಹಲ್ಲು ಕಾಣುವಂತೆ ಕೂತಿರು ಎಂದು ಆಜ್ಞೆ ಮಾಡಿದ್ದಾರೆ. ಹಾಗಾಗಿ ಹಗಲೆಲ್ಲಾ ಕೌಂಟರಿನಲ್ಲಿ ನುಂಗಿದ್ದನ್ನು ಸಂಜೆ ಮನೆಗೆ ಬಂದು ಕಾರುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿ ಇಲ್ಲ. ಗಂಡ ಇದ್ದಾರೆ.

ಅವರೇನು ಸಾಮಾನ್ಯರಲ್ಲ. ಗಡಿಯಾರ ರಿಪೇರಿ ಮಾಡುವವರು. ಊರಿನವರ ಟೈಮನ್ನೆಲ್ಲಾ ಸರಿಮಾಡಿ ಕೊಟ್ಟು, ತಾವು ಮಾತ್ರ ಒಂದು ದಿನವೂ ಟೈಮಿಗೆ ಸರಿಯಾಗಿ ಊಟಕ್ಕೆ ಬಂದವರಲ್ಲ. ಸ್ನಾನ ಮಾಡಿದ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಮಲಗಿಸುವ ಅಭ್ಯಾಸ ಬೇರೆ. ಬೈದರೆ ತಿರುಗಿ ಬೈಯುವುದಿಲ್ಲ, ನಗುತ್ತಾರೆ. ಎದುರಾಳಿಯೇ ಇಲ್ಲದ ಕುಸ್ತಿಯಲ್ಲಿ ನಾನೊಬ್ಬಳೇ ತೊಡೆ ತಟ್ಟಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ನನ್ನ ಸಿಟ್ಟು ಸುಖವಾಗಿಯೇ ಇರುತ್ತಿತ್ತು. ಆದರೆ ನಾವಿರುವುದು ಬಾಡಿಗೆ ಮನೆ, ಮಹಡಿಯ ಮೇಲೆ. ಕೆಳಗಿರುವವರು ಮನೆಯ ಒಡತಿ, ನಿವೃತ್ತ ಶಾಲಾ ಶಿಕ್ಷಕಿ, ಬೀದಿಗೆಲ್ಲಾ ಟೀಚರಮ್ಮ. ಒಂದನೇ ಕ್ಲಾಸಿನ ಮಕ್ಕಳನ್ನೂ ‘ನೀವು’ ಎಂದೇ ಕರೆಯುತ್ತಿದ್ದರಂತೆ. ಅವರು ಮರ್ಯಾದೆ ಕೊಟ್ಟು ಮಾತಾಡಿಸಿದರೆ ಈಗಲೂ ನನಗೆ ಬೆಂಚಿನ ಮೇಲೆ ನಿಂತ ಅನುಭವವಾಗುತ್ತದೆ. ಒಂದು ಬೆಳಗ್ಗೆ ಮೆಟ್ಟಿಲಲ್ಲಿ ತಡೆದರು.

"ನೋಡಿ ಅಮ್ಮ, ನಿಮ್ಮ ಮನೆಯ ವಿಷಯ ನಿಮ್ಮದು. ಆದ್ರೆ ನಿನ್ನೆ ನೀವು ಟವೆಲ್ ವಿಷಯ ಮಾತಾಡಿದ್ದು ಎದುರುಮನೆಯವರಿಗೂ ಕೇಳಿಸಿತು. ಅವರು ಹೋಗಿ ತಮ್ಮ ಟವೆಲ್ ತೆಗೆದು ಒಣಹಾಕಿದ್ರು."

"ಒಳ್ಳೇದೇ ಆಯ್ತಲ್ಲ ಟೀಚರಮ್ಮ."

"ಈ ತಿಂಗಳ ಕೊನೆಗೆ ನಿಮ್ಮ ಕರಾರು ಮುಗಿಯುತ್ತೆ. ಅಷ್ಟರೊಳಗೆ ಇನ್ನೊಂದು ಸಲ ನಿಮ್ಮ ಕೂಗಾಟ ಕೇಳಿಸಿದ್ರೆ ನೀವು ಬೇರೆ ಮನೆ ನೋಡ್ಕೊಳ್ಳಿ."

ಆ ಮನೆ ಬಿಟ್ಟು ನಾನೆಲ್ಲಿಗೆ ಹೋಗಲಿ? ದೊಡ್ಡ ಅರಮನೆಯೇನಲ್ಲ. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನೀರು. ಆದರೆ ಅಡುಗೆಮನೆಯ ಕಿಟಕಿ ತೆರೆದರೆ ಬೀದಿಯಾಚೆ ನನ್ನವರ ಅಂಗಡಿ ನೇರವಾಗಿ ಕಾಣುತ್ತದೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕುತ್ತಿಗೆ ಬಗ್ಗಿಸಿ, ಇರುವೆಕಾಲಿನಂಥ ಮುಳ್ಳುಗಳನ್ನು ಜೋಡಿಸುತ್ತಾ ಕೂತಿರುತ್ತಾರೆ. ಬೈಯುತ್ತೇನೆ ನಿಜ. ಆದರೆ ಆ ಬಗ್ಗಿದ ತಲೆ ಕಿಟಕಿಯಲ್ಲಿ ಕಾಣದಿದ್ದರೆ ನನಗೆ ಈರುಳ್ಳಿ ಹೆಚ್ಚಲೂ ಕೈ ಬರುವುದಿಲ್ಲ. ಆ ಕಿಟಕಿಯನ್ನು ನಾನು ಬಿಟ್ಟುಕೊಡುವವಳಲ್ಲ. ಮನೆ ಉಳಿಯಬೇಕಾದರೆ ಸಿಟ್ಟು ಖಾಲಿ ಮಾಡಬೇಕು. ಆಗಲಿ, ಮಾಡಿಯೇ ತೀರುತ್ತೇನೆ!

ದಾರಿ ತೋರಿಸಿದವಳು ನನ್ನ ಪಕ್ಕದಲ್ಲಿ ಕೂತು ಬಸ್ಸುಗಳ ಹೊರಡುವ ಹೊತ್ತನ್ನು ಮೈಕಿನಲ್ಲಿ ಕೂಗುವ ಸಹೋದ್ಯೋಗಿ. ಹೆಸರೇನೇ ಇರಲಿ, ನಿಲ್ದಾಣದಲ್ಲಿ ಆಕೆ ಮೈಕಮ್ಮ.

"ಅಕ್ಕಾ, ರೇಕಿ ಕಲೀರಿ. ಸಿಟ್ಟು ಹೋಗುತ್ತೆ, ಕರುಣೆ ಬರುತ್ತೆ, ಕೈಯಿಟ್ಟರೆ ಬೇರೆಯವರ ನೋವೂ ವಾಸಿಯಾಗುತ್ತೆ. ನಮ್ಮ ಚಿಕ್ಕಮ್ಮ ಕಲಿತಿದ್ದಾರೆ."

"ಅವರಿಗೆ ಸಿಟ್ಟು ಹೋಯ್ತಾ?"

"ಅವರದು ಗೊತ್ತಿಲ್ಲ. ಚಿಕ್ಕಪ್ಪ ಸುಮ್ಮನಾಗಿದ್ದಾರೆ."

ವಿಷಯ ಕೇಳಿ ನನ್ನವರಿಗೆ ಬಹಳ ಸಂತೋಷವಾಯಿತು. "ಇಷ್ಟು ದಿನ ರೇಗ್ತಿದ್ದೆ, ಇನ್ಮೇಲೆ ರೇಕಿ! ಗ ಹೋಗಿ ಕ ಬಂತು, ಅಷ್ಟೇ ತಾನೆ? ಸಣ್ಣ ರಿಪೇರಿ" ಎಂದರು. ಮೆಟ್ಟಿಲಲ್ಲಿ ಸಿಕ್ಕ ಟೀಚರಮ್ಮನಿಗೂ ಹೆಮ್ಮೆಯಿಂದ "ನಾನು ರೇಕಿ ಕಲಿಯೋಕೆ ಹೋಗ್ತಿದ್ದೀನಿ" ಎಂದೆ. ಮಂಡಿನೋವಿನ ಜೊತೆಗೆ ಅವರ ಕಿವಿಯೂ ಈಚೆಗೆ ಸ್ವಲ್ಪ ಮಂದ.

"ಅದನ್ನ ಕಲಿಯೋಕೆ ಏನಿದೆ? ನಿಮಗೆ ಹುಟ್ಟಿನಿಂದಲೇ ಬರುತ್ತಲ್ಲ!" ಎಂದು ಒಳಗೆ ಹೋದರು. ನನ್ನೊಳಗಿನ ಕರುಣೆಯನ್ನು ಇವರು ಇಷ್ಟು ದಿನ ಗುರುತಿಸಿಯೂ ಹೇಳದೆ ಇದ್ದರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ರೇಕಿ ತರಗತಿ ನಡೆಯುವುದು ಒಂದು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಗುರುಗಳದ್ದು ಎಣ್ಣೆ ಹಾಕಿದ ಬಾಗಿಲಿನಂಥ ದನಿ, ಸದ್ದೇ ಇಲ್ಲದೆ ತೆರೆದು ಮುಚ್ಚುತ್ತದೆ. "ಕೈಯಿಡಿ, ಒತ್ತಬೇಡಿ. ಅಂಗೈಯಿಂದ ಕರುಣೆ ಹರಿಯಲಿ" ಎಂದರು. ಕಣ್ಣು ಮುಚ್ಚಿ ಕೂತೆ. ಸ್ವಲ್ಪ ಹೊತ್ತಿಗೇ ಪವಾಡ!

"ಗುರುಗಳೇ, ನನ್ನ ಕೈ ಬಿಸಿಯಾಗ್ತಿದೆ!"

"ಶಕ್ತಿ ಹರೀತಾ ಇದೆ ಅಮ್ಮ."

"ಗುರುಗಳೇ, ಕಾಲೂ ಬಿಸಿಯಾಗ್ತಿದೆ!"

ಗುರುಗಳು ಒಂದು ಕಣ್ಣು ತೆರೆದರು. "ಅದು ಕೆಳಗಿನ ಇಸ್ತ್ರಿ ಪೆಟ್ಟಿಗೆ."

ಕೊನೆಗೆ ಒಂದು ವ್ರತವಾಕ್ಯ ಹೇಳಿಕೊಟ್ಟರು. ಬೆಳಗ್ಗೆ ಎದ್ದ ಕೂಡಲೇ ಎದೆಯ ಮೇಲೆ ಕೈಯಿಟ್ಟು ‘ಇವತ್ತೊಂದು ದಿನ ಸಿಟ್ಟು ಮಾಡಿಕೊಳ್ಳುವುದಿಲ್ಲ’ ಎಂದುಕೊಳ್ಳಬೇಕು. "ಜೀವಮಾನವಿಡೀ ಅಂದ್ರೆ ಯಾರಿಂದಲೂ ಆಗಲ್ಲ ಅಮ್ಮ. ಇವತ್ತೊಂದು ದಿನ ಅನ್ನಿ. ನಾಳೆ ಬಂದಾಗ ಅದೂ ಇವತ್ತೇ ಆಗಿರುತ್ತೆ." ಎಂಥ ಮಾತು! ಮನೆಗೆ ಬರುವ ದಾರಿಯುದ್ದಕ್ಕೂ ಜಪಿಸಿದೆ. ಕಾಲು ತುಳಿದವನನ್ನೂ ಕ್ಷಮಿಸಿದೆ. ಅವನೇ ಗಾಬರಿಯಾಗಿ ಎರಡು ಸಲ ತಿರುಗಿ ನೋಡಿದ.

ವಿದ್ಯೆ ಕಲಿತ ಮೇಲೆ ಪ್ರಯೋಗಿಸಲು ರೋಗಿ ಬೇಕಲ್ಲ? ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಬಗ್ಗಿ ನನ್ನವರ ಕುತ್ತಿಗೆ ಮರದ ಹಲಗೆಯಾಗಿತ್ತು. ಸಂಜೆ ಅಂಗಡಿಯಿಂದ ಬಂದವರಿಗೆ "ನಿಮ್ಮ ಕುತ್ತಿಗೆ ಕೊಡಿ" ಎಂದೆ.

"ಯಾಕೇ, ನಾನೇನು ತಪ್ಪು ಮಾಡ್ದೆ?"

ಕುರ್ಚಿಯಲ್ಲಿ ಕೂರಿಸಿದೆ. ಹಿಂದೆ ನಿಂತು, ಕಣ್ಣು ಮುಚ್ಚಿ, ಜಗತ್ತಿನ ಕರುಣೆಯನ್ನೆಲ್ಲಾ ಎರಡು ಅಂಗೈಗೆ ಕರೆದು ಅವರ ಕುತ್ತಿಗೆಯ ಬಳಿ ತಂದೆ. ಅವರಿಗೆ ಕಚಗುಳಿ ಜಾಸ್ತಿ ಎಂದು ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಆದರೆ ಮುಟ್ಟುವ ಮೊದಲೇ ಕಚಗುಳಿಯಾಗುವ ಮನುಷ್ಯ ಎಂದು ತಿಳಿದದ್ದು ಅವತ್ತು! ಇನ್ನೊಂದು ವಿಷಯ. ಕಚಗುಳಿಯಾದಾಗ ನನ್ನವರ ನಗು ನಗುವಿನ ಹಾಗೆ ಇರುವುದಿಲ್ಲ. ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡವರ ಕೂಗಿನ ಹಾಗೆ ಇರುತ್ತದೆ.

"ಅಯ್ಯಯ್ಯೋ! ಅಮ್ಮಾ! ಬೇಡ ಕಣೇ! ಬಿಡೇ, ಸಾಯ್ತೀನಿ!"

ನಾನು ರೇಗಲಿಲ್ಲ. ಗುರುಗಳ ದನಿಯನ್ನೇ ಎರವಲು ತಂದು, ಮೆತ್ತಗೆ, "ಅಲ್ಲಾಡಬೇಡಿ. ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು. ಇನ್ನೂ ಬೆನ್ನು ಬಾಕಿ ಇದೆ" ಎಂದೆ.

"ನಿನ್ನ ಕಾಲಿಗೆ ಬೀಳ್ತೀನಿ! ಬೆನ್ನು ಬೇಡ! ಬೆನ್ನು ಮಾತ್ರ ಬೇಡ್ವೇ!"

ಕುರ್ಚಿ ಮಗುಚಿತು. ನನ್ನವರು ಮಂಚದ ಕೆಳಗೆ ಹೋದರು. ಆದರೆ ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದವರು ಕುತ್ತಿಗೆ ಎಡಕ್ಕೂ ಬಲಕ್ಕೂ ತಿರುಗಿಸಿ, "ಅರೇ, ಹಗುರ ಆಗಿದೆ ಕಣೇ!" ಎಂದರು. ಅದು ರೇಕಿಯಿಂದಲೋ ಹೊರಳಾಡಿದ್ದರಿಂದಲೋ ನಾನು ವಿಚಾರಿಸಲಿಲ್ಲ. ಹಗಲೆಲ್ಲಾ ವಿಚಾರಣೆ ಮಾಡುವವಳಿಗೆ ಮನೆಯಲ್ಲೂ ಅದೇ ಕೆಲಸ ಬೇಕೇ? ಅಂದಿನಿಂದ ಪ್ರತಿ ಸಂಜೆ ರೇಕಿ, ಪ್ರತಿ ಸಂಜೆ ಕೂಗು.

ನನ್ನ ಬಾಯಿಂದ ಮಾತ್ರ ಒಂದು ಗಟ್ಟಿ ಮಾತಿಲ್ಲ! ಒದ್ದೆ ಟವೆಲ್ ಕಂಡರೆ ಅದರ ಮೇಲೂ ಕೈಯಿಟ್ಟು ಕರುಣೆ ಹರಿಸಿದೆ. ಊಟಕ್ಕೆ ಎಷ್ಟು ತಡವಾಗಿ ಬಂದರೂ ಮುಗುಳ್ನಕ್ಕು ಬಡಿಸಿದೆ. ಟೀಚರಮ್ಮನಲ್ಲೂ ಬದಲಾವಣೆ ಕಾಣತೊಡಗಿತು. ನಾನು ಮೆಟ್ಟಿಲಿಳಿದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ನನ್ನ ಮುಖದಲ್ಲಿ ತೇಜಸ್ಸು ಬಂದಿರಬೇಕು ಎಂದುಕೊಂಡು ಕನ್ನಡಿ ನೋಡಿಕೊಂಡೆ.

ಒಂದು ದಿನ ಊಟಕ್ಕೆ ಕೂತಾಗ ನನ್ನವರು ಹೇಳಿದರು, "ಟೀಚರಮ್ಮ ಇವತ್ತು ಅಂಗಡಿಗೆ ಬಂದಿದ್ರು. ಗಡಿಯಾರಕ್ಕೇನೂ ಆಗಿರ್ಲಿಲ್ಲ. ಸುಮ್ನೆ ‘ನೀವು ಹೇಗಿದ್ದೀರಿ’ ಅಂತ ಕೇಳಿದ್ರು."

"ನೀವೇನಂದ್ರಿ?"

"ಅವಳ ಕೈಗೆ ಸಿಕ್ಕ ಮೇಲೆ ಪರವಾಗಿಲ್ಲ ಅಂದೆ. ಮೊದಮೊದಲು ಕಷ್ಟ ಆಯ್ತು, ಈಗ ಅಭ್ಯಾಸ ಆಗಿದೆ, ನನ್ನ ಒಳ್ಳೇದಕ್ಕೇ ಮಾಡ್ತಾಳೆ ಅಂದೆ. ಪಾಪ, ಭುಜ ತಟ್ಟಿ ಒಂದು ಬಿಸ್ಕತ್ ಪ್ಯಾಕೆಟ್ ಕೊಟ್ಟು ಹೋದ್ರು."

"ನೋಡಿದ್ರಾ, ಅವರ ಮನಸ್ಸೂ ಕರಗ್ತಾ ಇದೆ!" ಎಂದೆ. ನನ್ನ ದೃಷ್ಟಿಯಲ್ಲಿ ಕರಾರು ಮುಂದುವರಿದು, ಕಿಟಕಿ ಉಳಿದು, ನಾನು ಸಂತಳಾಗಿ ಆಗಿತ್ತು. ಉಳಿದದ್ದು ಕೌಂಟರು ಒಂದೇ. ಅಲ್ಲಿ ಬಂದವರನ್ನೆಲ್ಲಾ ಮುಟ್ಟಲು ಆಗುವುದಿಲ್ಲವಲ್ಲ? ದೂರದಿಂದಲೇ ಅಂಗೈ ತೋರಿಸಿ ಕರುಣೆ ಕಳಿಸಬಹುದು ಎಂದು ಗುರುಗಳು ಹೇಳಿದ್ದರು.

ಆ ಸೋಮವಾರ ಬೆಳಗ್ಗೆ ಕೌಂಟರಿನ ಮುಂದೆ ಬಂದವರು ಸಾಕ್ಷಾತ್ ಟೀಚರಮ್ಮ! ಪ್ರತಿ ಸೋಮವಾರ ಅವರು ತಂಗಿಯ ಮನೆಗೆ ಹೋಗಿ ಬರುತ್ತಾರೆ. ಸಾಮಾನ್ಯವಾಗಿ ಮೈಕಮ್ಮನನ್ನೇ ಕೇಳುತ್ತಿದ್ದರು. ಅವತ್ತು ಆಕೆ ಕಾಫಿಗೆ ಹೋಗಿದ್ದಳು. ವಿಧಿಯಿಲ್ಲದೆ ಗಾಜಿನಿಂದ ಎರಡು ಹೆಜ್ಜೆ ದೂರ ನಿಂತು, "ನನ್ನ ಬಸ್ಸು ಇವತ್ತು ಯಾವ ಪ್ಲಾಟ್‌ಫಾರಂ?" ಎಂದು ಕೇಳಿದರು.

ಎರಡನೆಯದು. ಹೇಳಿಬಿಡಬಹುದಿತ್ತು. ಆದರೆ ಕರಾರಿನ ವಿಷಯ ಬಾಯಿಬಿಟ್ಟು ಕೇಳುವ ಮುಂಚೆ ಒಂದು ಗುಟುಕು ಕರುಣೆ ಕಳಿಸಿದರೆ ಒಳ್ಳೆಯದಲ್ಲವೇ? ಕಣ್ಣು ಮುಚ್ಚಿದೆ. ಬಲಗೈ ಎತ್ತಿ, ಬೆರಳುಗಳನ್ನು ಪೂರ್ತಿ ಬಿಡಿಸಿ, ಅಂಗೈಯನ್ನು ಅವರ ಕಡೆ ಹಿಡಿದೆ. ಮನಸ್ಸು ತುಂಬಿ ಬಂತು. ಕಣ್ಣು ತೆರೆದಾಗ ಅವರು ಇರಲಿಲ್ಲ. ಎಷ್ಟು ಶಾಂತವಾಗಿ ಹೊರಟುಹೋದರು ಎಂದು ಬೆರಗಾದೆ. ಬಿಡಿಸಿದ ಕೈಯಲ್ಲಿ ಐದು ಬೆರಳಿರುತ್ತವೆ ಎಂಬ ಲೆಕ್ಕ ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವರು ನೇರ ಐದನೆಯ ಪ್ಲಾಟ್‌ಫಾರಂಗೆ ಹೋಗಿ, ಧ್ವನಿವರ್ಧಕದ ಕೆಳಗಿನ ಬೆಂಚಿನಲ್ಲಿ ಕೂತಿದ್ದರು. ಅವರ ಬಸ್ಸು ಎರಡರಿಂದ ಹೊರಟುಹೋಯಿತು.

ಮೈಕಮ್ಮ ಕಾಫಿ ಕುಡಿದು ಬಂದು ಒಂದೆರಡು ಬಸ್ಸುಗಳನ್ನು ಕೂಗಿ ಮುಗಿಸಿದಳು. ಜನ ಕಡಿಮೆಯಾಗಿದ್ದರು. ಕುರ್ಚಿ ನನ್ನ ಕಡೆ ತಿರುಗಿಸಿ, "ಹೇಗೆ ನಡೀತಿದೆ ಅಕ್ಕಾ ನಿಮ್ಮ ಕೈಕೆಲಸ?" ಎಂದಳು.

ನನಗೆ ಅಷ್ಟು ಸಾಕಿತ್ತು. "ಏನು ಕೇಳ್ತೀಯ! ನಿನ್ನೆ ಸಂಜೆ ನಮ್ಮ ಯಜಮಾನರಿಗೆ ಚೆನ್ನಾಗಿ ಬಿಸಿ ಮುಟ್ಟಿಸ್ದೆ ನೋಡು. ಮೊದಲು ಕುತ್ತಿಗೆ, ಆಮೇಲೆ ಬೆನ್ನು, ಆಮೇಲೆ ಮಂಡಿ. ಎಷ್ಟು ಕಿರುಚಿದ್ರೂ ಬಿಡಲಿಲ್ಲ ನಾನು!"

"ಪಾಪ, ತಪ್ಪಿಸ್ಕೊಳ್ಳಲ್ವಾ?"

"ಮಂಚದ ಕೆಳಗೆ ಹೋಗ್ತಾರೆ. ಎಳ್ಕೊಂಡು ಬರ್ತೀನಿ. ಮೊದಲು ಬೈದು ಬೈದು ಗಂಟಲು ಹರ್ಕೋತಿದ್ದೆ. ಈಗ ಬೈಯೋದೇ ಇಲ್ಲ, ನೇರ ಕೈಯೇ! ಸಿಟ್ಟಿಲ್ಲದೆ ಮಾಡೋದ್ರಲ್ಲಿ ಎಂಥ ನೆಮ್ಮದಿ ಇದೆ ಅಂತೀಯ!"

"ಇನ್ನು ಯಾರಿಗೆ ಮಾಡ್ತೀರಿ?"

"ನಮ್ಮ ಮನೆ ಟೀಚರಮ್ಮನ್ನೂ ಒಂದು ಸಲ ಹಿಡ್ಕೋಬೇಕು ಅಂತಿದ್ದೀನಿ. ಅವರ ಮಂಡಿಗೇ ಕೈ ಹಾಕಬೇಕು. ಒಬ್ಬರೇ ಇರ್ತಾರೆ, ಯಾರ ಅಡ್ಡಿಯೂ ಇರಲ್ಲ."

ಆಗ ನನಗೊಂದು ವಿಷಯ ಗಮನಕ್ಕೆ ಬಂತು. ನಿಲ್ದಾಣ ನಿಶ್ಶಬ್ದವಾಗಿತ್ತು. ಕಡಲೆ ಮಾರುವವನು ಪೊಟ್ಟಣ ಕಟ್ಟುವ ಕೈ ನಿಲ್ಲಿಸಿದ್ದ. ಮೂಟೆ ಹೊತ್ತವನು ಮೂಟೆ ಇಳಿಸುವುದನ್ನೂ ಮರೆತು ನಮ್ಮ ಕಡೆ ನೋಡುತ್ತಿದ್ದ. ಮೈಕಿನ ಗುಂಡಿಯ ಪಕ್ಕದಲ್ಲಿ ಕೆಂಪು ದೀಪ ಕಣ್ಣು ಬಿಟ್ಟುಕೊಂಡು ಉರಿಯುತ್ತಿತ್ತು! ಕೌಂಟರಿನ ಮುಂದೆ ಬಾಯಿ ತೆರೆದು ನಿಂತಿದ್ದ ಒಬ್ಬ ಪ್ರಯಾಣಿಕ ಕೈಮುಗಿದು, "ಪರವಾಗಿಲ್ಲಮ್ಮ, ನಾನು ನಡ್ಕೊಂಡೇ ಹೋಗ್ತೀನಿ" ಎಂದು ಹಿಂದೆ ಹಿಂದೆ ಸರಿದ.

ಐದನೆಯ ಪ್ಲಾಟ್‌ಫಾರಂ ಕಡೆ ನೋಡಿದೆ. ಟೀಚರಮ್ಮ ಎದ್ದು ನಿಂತಿದ್ದರು. ಕಣ್ಣಿಗೆ ಕಣ್ಣು ಕೂಡಿತು. ನಾನು ಗಡಿಬಿಡಿಯಲ್ಲಿ ‘ಹಾಗಲ್ಲ, ಹಾಗಲ್ಲ’ ಎನ್ನುವಂತೆ ಎರಡೂ ಕೈ ಎತ್ತಿದೆ. ಅವರು ಚೀಲ ಎದೆಗವಚಿಕೊಂಡು ಓಡಿದರು. ಮಂಡಿನೋವಿನವರು ಅಷ್ಟು ವೇಗವಾಗಿ ಓಡಿದ್ದನ್ನು ನಾನೆಂದೂ ಕಂಡಿಲ್ಲ. ಮುಟ್ಟದೆಯೇ ವಾಸಿಯಾಯಿತು! ರೇಕಿಯ ಮಹಿಮೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಸಾಕ್ಷಿ ಸಿಕ್ಕಿತು, ಮನೆ ಕೈಬಿಟ್ಟಿತು. ಮೇಲ್ವಿಚಾರಕರು ಬಂದು ಬೈದದ್ದೂ ಕಿವಿಗೆ ಬೀಳಲಿಲ್ಲ. ಕೆಲಸ ಮುಗಿಸಿ ಮನೆಗೆ ಓಡೋಡಿ ಬಂದರೆ ನನ್ನವರ ಚಪ್ಪಲಿ ಟೀಚರಮ್ಮನ ಬಾಗಿಲ ಹೊರಗಿತ್ತು. ಕಿಟಕಿ ತೆರೆದಿತ್ತು. ಕದ್ದು ಕೇಳುವುದು ತಪ್ಪು. ಆದರೆ ಕಿಟಕಿಯ ಪಕ್ಕದಲ್ಲೇ ನನ್ನ ಕಾಲು ಸೋತುಹೋದರೆ ನಾನೇನು ಮಾಡಲಿ?

"ನೀವು ಹೆದರಬೇಡಿ" ಎನ್ನುತ್ತಿದ್ದರು ಟೀಚರಮ್ಮ. "ನೀವು ಮನೆ ಖಾಲಿ ಮಾಡಬೇಕಾಗಿಲ್ಲ. ಕರಾರು ನಿಮ್ಮೊಬ್ಬರ ಹೆಸರಲ್ಲೇ ಮಾಡಿಸೋಣ. ಅವರು ಮಾತ್ರ ಖಾಲಿ ಮಾಡಲಿ."

ಕೇಳಿದಿರಾ? ಗಂಡನನ್ನು ಉಳಿಸಿಕೊಂಡು ಹೆಂಡತಿಯನ್ನು ಮಾತ್ರ ಖಾಲಿ ಮಾಡಿಸುವ ಮನೆ ಒಡತಿಯನ್ನು ಪ್ರಪಂಚದಲ್ಲಿ ಯಾರಾದರೂ ಕಂಡಿದ್ದೀರಾ?

ನನ್ನವರು ಎಂದಿನಂತೆ ನಿಧಾನವಾಗಿ ಯೋಚಿಸಿದರು. "ಅವಳು ಹೋದ್ರೆ ಊಟಕ್ಕೆ?"

ನನ್ನ ಕಿವಿಯಲ್ಲಿ ಹೊಗೆ ಬಂತು. ಎದೆಯ ಮೇಲೆ ಕೈಯಿಟ್ಟುಕೊಂಡೆ. ಇವತ್ತೊಂದು ದಿನ, ಇವತ್ತೊಂದು ದಿನ.

"ಇಲ್ಲ ಟೀಚರಮ್ಮ" ಎಂದರು ಆಮೇಲೆ. "ಊಟ ಹೇಗೋ ಆಗುತ್ತೆ. ಅವಳಿಲ್ಲದ ಮನೆ ನನಗೂ ಬೇಡ. ಅಂಗಡಿಯಿಂದ ತಲೆ ಎತ್ತಿದ್ರೆ ಅಡುಗೆಮನೆ ಕಿಟಕೀಲಿ ಅವಳು ಕಾಣ್ತಾಳೆ. ಅದು ಕಾಣದಿದ್ರೆ ನನಗೆ ಗಡಿಯಾರದ ಮುಳ್ಳು ಕೂರಿಸೋಕೆ ಕೈ ಬರಲ್ಲ."

ಹೊಗೆಯೆಲ್ಲಾ ಕಣ್ಣಿಗೆ ಬಂದು ನೀರಾಯಿತು. ನಾನೊಬ್ಬಳೇ ಆ ಕಿಟಕಿಯಿಂದ ನೋಡುತ್ತೇನೆಂದು ಇಷ್ಟು ವರ್ಷ ತಿಳಿದಿದ್ದೆನಲ್ಲ!

"ಅಯ್ಯೋ, ಎಷ್ಟು ಹೆದರಿಸಿಟ್ಟಿದ್ದಾರೆ ನಿಮ್ಮನ್ನ" ಎಂದು ಟೀಚರಮ್ಮ ಮರುಗಿದರು.

ಇನ್ನು ತಡೆಯಲಾಗಲಿಲ್ಲ. ಒಳಗೆ ನುಗ್ಗಿದೆ. ಟೀಚರಮ್ಮ ಚಂಗನೆ ಎದ್ದು ಕೈಗೆ ಸಿಕ್ಕ ಕೊಡೆ ಹಿಡಿದು ನಿಂತರು. "ನೀವು ಅಲ್ಲೇ ನಿಂತ್ಕೊಳ್ಳಿ! ನೀವೇ ಮೈಕಲ್ಲಿ ಹೇಳಿದ್ದನ್ನ ನಾನು ಕಿವಿಯಾರೆ ಕೇಳಿದ್ದೀನಿ. ಗಂಡನ ಮೇಲೆ ಕೈ ಮಾಡೋದೂ ಅಲ್ದೆ ಊರಿಗೆಲ್ಲಾ ಸಾರ್ತೀರಾ?"

"ಕೈ ಮಾಡ್ಲಿಲ್ಲ ಟೀಚರಮ್ಮ, ಕೈಯಿಟ್ಟೆ! ಅದು ರೇಕಿ!"

"ರೇಗಿದ್ರೆ ಬೈಯಬೇಕು. ಹೊಡೆಯಬಾರದು."

"ರೇಗಿ ಅಲ್ಲ, ರೇಕಿ! ಕ! ಕ!"

"ಕಾ ಕಾ ಅಂತ ಕೂಗಬೇಡಿ. ದಿನಾ ಸಂಜೆ ಇವರು ಅಯ್ಯೋ ಅಮ್ಮಾ ಅಂತ ಅಳೋದು ಸುಳ್ಳಾ?"

"ಅದು ಅಳು ಅಲ್ಲ, ನಗು. ಅವರಿಗೆ ಕಚಗುಳಿ. ಬೇಕಾದ್ರೆ ಈಗಲೇ ತೋರಿಸ್ತೀನಿ, ನೀವೇ ನೋಡಿ." ನನ್ನವರನ್ನು ಕುರ್ಚಿಯಲ್ಲಿ ಕೂರಿಸಿದೆ. ಹಿಂದೆ ನಿಂತೆ. ಮನೆ ಉಳಿಯುವುದೂ ಹೋಗುವುದೂ ಈಗ ನನ್ನ ಹತ್ತು ಬೆರಳ ಮೇಲೆ. ಎಂದೂ ಇಲ್ಲದ ಶ್ರದ್ಧೆಯಿಂದ ಕೈಗಳನ್ನು ಕುತ್ತಿಗೆಯ ಬಳಿ ತಂದೆ.

ಸದ್ದಿಲ್ಲ.

ಕುತ್ತಿಗೆ ಮುಟ್ಟಿದೆ. ಸದ್ದಿಲ್ಲ. ಬೆನ್ನಿಗೆ ಬಂದೆ. ಮಾತಿಲ್ಲ, ಕತೆಯಿಲ್ಲ! ಪಕ್ಕೆಗೆ ಹೋದೆ. ರೇಕಿಯ ನಿಯಮವನ್ನೆಲ್ಲಾ ಗಾಳಿಗೆ ತೂರಿ ನೇರವಾಗಿ ಕಚಗುಳಿಯನ್ನೇ ಇಟ್ಟೆ. ನನ್ನವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ತುಟಿ ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು ಕಲ್ಲಿನಂತೆ ಕೂತಿದ್ದರು. ಇದಕ್ಕೆಲ್ಲಾ ತಮ್ಮ ಕೂಗೇ ಕಾರಣ, ಇವತ್ತು ಪ್ರಾಣ ಹೋದರೂ ಬಾಯಿಬಿಡಬಾರದು ಎಂದು ಆ ಮಹಾನುಭಾವರು ನಿರ್ಧರಿಸಿಬಿಟ್ಟಿದ್ದರು! ತಡೆದ ನಗು ಹೋಗುವುದಾದರೂ ಎಲ್ಲಿಗೆ? ಎರಡು ಕಣ್ಣಿನಿಂದ ಧಾರಾಕಾರವಾಗಿ ಇಳಿಯಿತು.

"ನೋಡಿ, ನೋಡಿ!" ಟೀಚರಮ್ಮ ಕೊಡೆಯ ತುದಿಯಿಂದಲೇ ತೋರಿಸಿದರು. "ಪಾಪ, ಅಳೋಕೂ ಹೆದರ್ತಾರೆ!"

ಅಷ್ಟೇ. ಗುರುಗಳು, ವ್ರತವಾಕ್ಯ, ಕರುಣೆ ಎಲ್ಲಾ ಒಟ್ಟಿಗೆ ಬಾಗಿಲು ದಾಟಿ ಹೋದವು.

"ರೀ! ನಗ್ರೀ! ದಿನಾ ಬೀದಿಗೆಲ್ಲಾ ಕೇಳೋ ಹಾಗೆ ಬಾಯಿ ಬಡ್ಕೊಳ್ಳೋರು ಇವತ್ತು ಬಾಯಿಗೆ ಬೀಗ ಹಾಕ್ಕೊಂಡ್ರಾ? ಮನೆ ಹೋಗ್ತಾ ಇದೆ, ಈಗ ಬಂತಾ ನಿಮಗೆ ಶಿಸ್ತು? ಯಾವುದಾದ್ರೂ ಒಂದನ್ನ ಟೈಮಿಗೆ ಸರಿಯಾಗಿ ಮಾಡಿದ್ದುಂಟಾ ನೀವು? ಊಟಕ್ಕೆ ಕರೆದ್ರೆ ಬರಲ್ಲ, ನಗು ಅಂದ್ರೆ ನಗಲ್ಲ! ಬೇಡ ಅಂದಲ್ಲಿ ಟವೆಲ್ ಹಾಕ್ತೀರಿ, ಬೇಕು ಅಂದಾಗ ಬಾಯಿ ಮುಚ್ತೀರಿ! ಆ ಟವೆಲ್ ಮೇಲೆ ನಾನು ಇಷ್ಟು ದಿನ ಕೈಯಿಟ್ಟೆನಲ್ಲ, ಅದಾದ್ರೂ ಒಣಗಿ ಉದ್ಧಾರ ಆಯ್ತು! ನೀವು?"

ಎದುರುಮನೆಯ ಕಿಟಕಿ ತೆರೆಯಿತು. ನನ್ನವರ ತುಟಿ ಒಮ್ಮೆ ನಡುಗಿತು, ಎರಡು ಸಲ ನಡುಗಿತು, ಆಮೇಲೆ ಕಟ್ಟೆ ಒಡೆಯಿತು. "ಅಯ್ಯಯ್ಯೋ! ಅಮ್ಮಾ! ಸಾಯ್ತೀನಿ!" ಎಂದು ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಕೆಳಗೆ ಬಿದ್ದು ಹೊರಳಾಡಿದರು. ನನ್ನ ಕೈ ಅವರಿಂದ ಮಾರು ದೂರದಲ್ಲಿತ್ತು.

ಟೀಚರಮ್ಮ ಬಗ್ಗಿ, ಅವರ ಮುಖವನ್ನು ಹೋಂವರ್ಕ್ ನೋಡುವಂತೆ ಪರೀಕ್ಷಿಸಿದರು. "ಇದೇ ಕೂಗು!" ಎಂದರು. "ಆದ್ರೆ ಹಲ್ಲು ಕಾಣ್ತಿದೆ." ಕೊಡೆ ಮೂಲೆಗೆ ಒರಗಿಸಿದರು. ಅಲ್ಲಿಂದ ಮುಂದೆ ನಾನು ರೇಕಿಯೆಂದರೇನು ಎಂದು ಅವರ ಕಿವಿಯ ಹತ್ತಿರ ಹೋಗಿ, ಗ ಬೇರೆ ಕ ಬೇರೆ ಮಾಡಿ, ಮೊದಲಿನಿಂದ ಹೇಳಿದೆ. ಎಲ್ಲಾ ಕೇಳಿ ಕೂತು ಉಸಿರು ಬಿಟ್ಟರು.

"ನೋಡಿ ಅಮ್ಮ, ಗಲಾಟೆ ಮಾಡೋ ಕ್ಲಾಸಿಗೆ ನಾನು ಯಾವತ್ತೂ ಹೆದರಿದವಳಲ್ಲ. ಸುಮ್ಮನಿರೋ ಕ್ಲಾಸು ಕಂಡ್ರೆ ಎದೆ ಡವಡವ. ಯಾರೋ ಯಾರಿಗೋ ಏನೋ ಮಾಡ್ತಿದ್ದಾರೆ ಅಂತಲೇ ಅರ್ಥ. ಮೊದಲು ನೀವು ಬೈತಿದ್ರಿ, ಇವರು ಸುಮ್ಮನಿರ್ತಿದ್ರು. ಸಂಸಾರ ನಡೀತಿದೆ ಅನ್ಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ನಿಮ್ಮ ದನಿ ನಿಂತು ಇವರ ಕೂಗು ಶುರುವಾಯ್ತು. ನನಗೆ ಎಷ್ಟು ದಿನದಿಂದ ಸರಿಯಾಗಿ ನಿದ್ದೆ ಇಲ್ಲ ಗೊತ್ತಾ?"

"ತಪ್ಪಾಯ್ತು ಟೀಚರಮ್ಮ" ಎಂದೆ. ನಿಜವಾಗಿಯೂ ನಾಚಿಕೆಯಾಯಿತು. ಜಗತ್ತಿಗೆಲ್ಲಾ ಕರುಣೆ ಹಂಚಲು ಹೊರಟವಳು ಕೆಳಗಿನ ಮನೆಯವರ ನಿದ್ದೆ ಕೆಡಿಸಿದ್ದೆ.

"ಕರಾರು ಮುಂದುವರಿಸ್ತೀನಿ. ಆದ್ರೆ ಒಂದು ಷರತ್ತು. ಮೊದಲಿನ ಹಾಗೆ ನಿಮ್ಮ ಬೈಗುಳ ದಿನಾ ಬೆಳಗ್ಗೆ ಎಂಟಕ್ಕೆ ನನಗೆ ಕೇಳಿಸಬೇಕು. ಆಗ ಎಲ್ಲಾ ಸರಿಯಾಗಿದೆ ಅಂತ ನನಗೆ ಸಮಾಧಾನ. ಕೇಳಿಸದಿದ್ರೆ ಬೇರೆ ಮನೆ ನೋಡ್ಕೊಳ್ಳಿ."

ಇದಕ್ಕಿಂತ ಸುಲಭದ ಷರತ್ತು ಭೂಮಿಯ ಮೇಲೆ ಉಂಟೇ? ನನಗೆ ಬೈಯಲು ಅಪ್ಪಣೆ! ಅದೂ ಮನೆ ಒಡತಿಯಿಂದ! ಆ ರಾತ್ರಿ ಹಾಯಾಗಿ ಮಲಗಿದೆ.

ಬೆಳಗ್ಗೆ ನನ್ನವರು ಸ್ನಾನ ಮಾಡಿ ಬಂದು, ಒದ್ದೆ ಟವೆಲನ್ನು ಹಾಸಿಗೆಯ ನಡುಮಧ್ಯೆ ಅಂದವಾಗಿ ಹರಡಿ, ಕುರ್ಚಿಯಲ್ಲಿ ಕೈಕಟ್ಟಿ ಕೂತರು. "ಹ್ಞೂಂ, ಶುರು ಮಾಡೇ."

ಸೊಂಟದ ಮೇಲೆ ಕೈಯಿಟ್ಟೆ. ಬಾಯಿ ತೆರೆದೆ. ಏನೂ ಬರಲಿಲ್ಲ! ಒಳಗೆ ಹುಡುಕಿದೆ. ನಿನ್ನೆ ಸಂಜೆ ಇದ್ದಬದ್ದ ದಾಸ್ತಾನೆಲ್ಲಾ ಮುಗಿದುಹೋಗಿತ್ತು. ಅಷ್ಟರಲ್ಲಿ ಕಣ್ಣು ಕಿಟಕಿಯ ಕಡೆ ಹೋಯಿತು. ಆಚೆ ಬದಿಯಿಂದ ಇವರು ಇದೇ ಕಿಟಕಿಯನ್ನು ನೋಡುತ್ತಾರೆಂದು ನೆನಪಾಗಿ, ಉಳಿದ ಚೂರುಪಾರೂ ಕರಗಿತು. ಜೀವಮಾನದಲ್ಲಿ ಮೊದಲ ಸಲ, ಬೇಕೆಂದಾಗ ಸಿಟ್ಟೇ ನನಗೆ ಕೈಕೊಟ್ಟಿತು.

"ಮನಸ್ಸು ಮಾಡು ಕಣೇ. ಮನೆ ಪ್ರಶ್ನೆ" ಎಂದರು ನನ್ನವರು ಆತಂಕದಿಂದ. "ಬೇಕಾದ್ರೆ ದಿಂಬಿನ ಮೇಲೂ ಹಾಕ್ಲಾ?"

ಹಲ್ಲು ಕಚ್ಚಿದೆ. ಹುಬ್ಬು ಗಂಟಿಕ್ಕಿದೆ. "ಏನ್ರೀ ಇದು ಟವೆಲ್ಲು..." ಎಂದೆ. ಥೇಟ್ ಗುರುಗಳ ದನಿ! ಎಣ್ಣೆ ಹಾಕಿದ ಬಾಗಿಲು!

ಕೆಳಗಿನಿಂದ ಕೋಲು ತಾಗಿ ನೆಲ ಟಕ್ ಟಕ್ ಎಂದಿತು. ಹಿಂದೆಯೇ ಟೀಚರಮ್ಮನ ದನಿ ಬೀದಿಗೆಲ್ಲಾ ಕೇಳಿತು. "ಏನಮ್ಮಾ! ಎಂಟು ಹೊಡೀತು, ಮೇಲೆ ಸದ್ದೇ ಇಲ್ಲ! ನೀವು ರೇಕಿ ಬಿಡಿ! ರೇಗಿ!"

ನನ್ನವರು ಎದ್ದು ಬಂದರು. ನನ್ನ ಹಿಂದೆ ನಿಂತು, ಕಣ್ಣು ಮುಚ್ಚಿ, ನೆತ್ತಿಯ ಮೇಲೆ ಎರಡೂ ಕೈಯಿಟ್ಟು, ಮೆತ್ತಗೆ ಹೇಳಿಕೊಟ್ಟರು:

"ಇವತ್ತೊಂದು ದಿನ ಸಿಟ್ಟು ಮಾಡ್ಕೋತೀನಿ ಅನ್ನು."